ಯಾವ ವರ್ಷದ ತಂಡ ಕಟ್ಟುತ್ತಿದ್ದೀರಿ? ಎನ್‌ಎಫ್‌ಎಲ್ ತಂಡದ ಮರುನಿರ್ಮಾಣ, ಜನವರಿಯಿಂದ ಆಗಸ್ಟ್‌ವರೆಗೆ

2021ರ ಜನವರಿ ಕೊನೆಯಲ್ಲಿ ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಎರಡು ತಂಡಗಳು ಒಂದು ಅದಲುಬದಲಿಗೆ ಒಪ್ಪಿಕೊಂಡವು. ಡೆಟ್ರಾಯಿಟ್ ಲಯನ್ಸ್ ತನ್ನಲ್ಲಿ ಹನ್ನೆರಡು ಋತು ಆಡಿದ್ದ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ದಾಳಿ ನಡೆಸುವ ಆಟಗಾರ) ಮ್ಯಾಥ್ಯೂ ಸ್ಟ್ಯಾಫರ್ಡ್ ಅವರನ್ನು ಲಾಸ್ ಏಂಜಲೀಸ್ ರಾಮ್ಸ್‌ಗೆ ಬಿಟ್ಟುಕೊಟ್ಟಿತು. ಬದಲಿಗೆ ಕ್ವಾರ್ಟರ್‌ಬ್ಯಾಕ್ ಜಾರೆಡ್ ಗಾಫ್, 2022 ಮತ್ತು 2023ರ ಮೊದಲ ಸುತ್ತಿನ ಡ್ರಾಫ್ಟ್ ಪಿಕ್‌ಗಳು (ಕಾಲೇಜಿನಿಂದ ಬರುವ ಹೊಸಬರನ್ನು ಸರದಿಯಲ್ಲಿ ಆರಿಸುವ ಹಕ್ಕು), 2021ರ ಮೂರನೇ ಸುತ್ತಿನ ಒಂದು ಪಿಕ್ ಪಡೆಯಿತು. ಮರುವರ್ಷ ಫೆಬ್ರವರಿಯಲ್ಲಿ ರಾಮ್ಸ್ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದಿತು. ಅದೇ ಋತುವಿನಲ್ಲಿ ಲಯನ್ಸ್ ಗೆದ್ದದ್ದು ಮೂರೇ ಪಂದ್ಯ. ಆದರೆ ಅಲ್ಲಿಂದ ಮುಂದೆ ಲಯನ್ಸ್‌ನ ಗೆಲುವು-ಸೋಲಿನ ಲೆಕ್ಕ 9-8, 12-5, 2024ರಲ್ಲಿ 15-2.

ಈ ವ್ಯಾಪಾರದಲ್ಲಿ ಮೋಸ ಹೋದವರು ಯಾರೂ ಇಲ್ಲ. ರಾಮ್ಸ್ ಕಟ್ಟುತ್ತಿದ್ದದ್ದು 2021ರ ತಂಡ, ಲಯನ್ಸ್ ಕಟ್ಟುತ್ತಿದ್ದದ್ದು ಎರಡು ಮೂರು ವರ್ಷ ಆಚೆಯ ತಂಡ. ಇಬ್ಬರಿಗೂ ತಮ್ಮ ವರ್ಷ ಯಾವುದೆಂದು ಗೊತ್ತಿತ್ತು. ಮರುನಿರ್ಮಾಣದ ಮೊದಲ ಪ್ರಶ್ನೆ ಅದೇ, ಮುಂದಿನ ಎಂಟು ತಿಂಗಳ ಪ್ರತಿ ತೀರ್ಮಾನವೂ ಅದಕ್ಕೆ ಉತ್ತರ ಹೇಳಬೇಕು. ಹಾಳಾದ ಮರುನಿರ್ಮಾಣಗಳನ್ನು ಬಿಚ್ಚಿ ನೋಡಿದರೆ, ಮಾರ್ಚ್‌ನಲ್ಲಿ ಈ ವರ್ಷದ ತಂಡಕ್ಕೆಂದು ಹಣ ಸುರಿದು, ಏಪ್ರಿಲ್‌ನಲ್ಲಿ ಮೂರು ವರ್ಷದಾಚೆಯ ತಂಡಕ್ಕೆಂದು ಆಟಗಾರರನ್ನು ಆರಿಸಿರುವುದು ಕಾಣುತ್ತದೆ.

ಸಾಂಟಾ ಕ್ಲಾರಾದಲ್ಲೋ ನ್ಯೂಜೆರ್ಸಿಯಲ್ಲೋ ನೆಲೆಸಿ ಫಾರ್ಟಿನೈನರ್ಸ್, ಜೈಂಟ್ಸ್ ಎಂದು ಭಾನುವಾರ ಟಿವಿ ಮುಂದೆ ಕೂರುವ ಕನ್ನಡಿಗರಿಗೆ ಆಟ ಚೆನ್ನಾಗಿಯೇ ಗೊತ್ತು. ಆದರೆ ಋತು ಮುಗಿದ ಮೇಲೆ ಕಚೇರಿಯಲ್ಲಿ ನಡೆಯುವ ಆಟ ಅಷ್ಟು ಪರಿಚಿತವಲ್ಲ. ಐಪಿಎಲ್ ಮೆಗಾ ಹರಾಜು ನೋಡಿದವರಿಗೆ ಒಂದು ಎಚ್ಚರಿಕೆ: ಅಲ್ಲಿ ಹೊಸ ಹರಾಜು ಬಂದಾಗ ಪರ್ಸ್ ಮತ್ತೆ ತುಂಬುತ್ತದೆ, ಹಳೆಯ ತಪ್ಪು ಅಲ್ಲಿಗೆ ಮುಗಿಯುತ್ತದೆ. ಎನ್‌ಎಫ್‌ಎಲ್‌ನಲ್ಲಿ ತಪ್ಪು ಒಪ್ಪಂದ ಆಟಗಾರ ಊರು ಬಿಟ್ಟ ಮೇಲೂ ಲೆಕ್ಕಪುಸ್ತಕದಲ್ಲಿ ಕೂತಿರುತ್ತದೆ. ಅದಕ್ಕೇ ಇಲ್ಲಿ ಪೇಟೆಗೆ ಹೋಗುವ ಮುನ್ನ ಲೆಕ್ಕ.

ಹೆಜ್ಜೆ 1: ಜನವರಿಯ ಮೊದಲ ಎರಡು ವಾರ, ಇರುವವರ ಪಟ್ಟಿ

ಕೊನೆಯ ಪಂದ್ಯ ಮುಗಿದ ಮರುದಿನವೇ ಎಲ್ಲ ಆಟಗಾರರ ವೈದ್ಯಕೀಯ ತಪಾಸಣೆ ಆಗಬೇಕು. ಇದನ್ನು ಬರೀ ಔಪಚಾರಿಕ ಎಂದುಕೊಳ್ಳಬೇಡಿ. ಗಾಯಗೊಂಡಿರುವ ಆಟಗಾರನನ್ನು ಸುಮ್ಮನೆ ಕೈಬಿಡಲು ಬರುವುದಿಲ್ಲ. ಒಪ್ಪಂದದಲ್ಲಿ ಗಾಯದ ಖಾತರಿ ಇದ್ದರೆ ಅವನ ಮುಂದಿನ ವರ್ಷದ ಸಂಬಳವೂ ತಂಡದ ತಲೆಗೇ ಬರುತ್ತದೆ. ಯಾರ ಮಂಡಿಗೆ ಶಸ್ತ್ರಚಿಕಿತ್ಸೆ ಬೇಕು, ಯಾರು ಜುಲೈ ಹೊತ್ತಿಗೆ ಓಡಬಲ್ಲರು ಎಂಬುದು ಗೊತ್ತಾಗದೆ ಮುಂದಿನ ಯಾವ ಅಂಕಿಗೂ ಅರ್ಥವಿಲ್ಲ.

ನಂತರ ಪ್ರತಿ ಆಟಗಾರನ ಮುಂದೆ ನಾಲ್ಕು ವಿಷಯ ಬರೆಯಿರಿ: ವಯಸ್ಸು, ಒಪ್ಪಂದ ಮುಗಿಯುವ ವರ್ಷ, ಈಗಿನ ಮಟ್ಟ, ನೀವು ಗುರಿಯಿಟ್ಟ ವರ್ಷದಲ್ಲಿ ಅವನು ಇರಬಹುದಾದ ಮಟ್ಟ. ನಾಲ್ಕನೆಯದೇ ಮುಖ್ಯ, ಎಲ್ಲರೂ ಬಿಟ್ಟುಬಿಡುವುದೂ ಅದನ್ನೇ. ಗುರಿ ಮೂರು ವರ್ಷದಾಚೆ ಇದ್ದರೆ ಇಂದು 29 ವರ್ಷದ ಒಳ್ಳೆಯ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು) ನಿಮ್ಮ ತಂಡದವನಲ್ಲ, ಬೇರೆ ಯಾರದೋ ತಂಡದವನು. ಅದೇ ವಯಸ್ಸಿನ ಲೆಫ್ಟ್ ಟ್ಯಾಕಲ್ ಇನ್ನೂ ನಿಮ್ಮವನಾಗಿರಬಹುದು, ಏಕೆಂದರೆ ಲೈನ್‌ನಲ್ಲಿ (ಕ್ವಾರ್ಟರ್‌ಬ್ಯಾಕ್ ಮುಂದೆ ನಿಂತು ಕಾಯುವ ಸಾಲಿನಲ್ಲಿ) ಆಡುವವರ ದೇಹ ಹೆಚ್ಚು ಕಾಲ ಬಾಳುತ್ತದೆ.

ಹಳೆಯ ಕೋಚ್ ಕೊಟ್ಟ ಅಂಕಗಳನ್ನು ಹೊಸ ಕೋಚ್ ಹಾಗೆಯೇ ನಂಬಬಾರದು. ಒಬ್ಬ ಡಿಫೆನ್ಸಿವ್ ಎಂಡ್ (ರಕ್ಷಣಾ ಸಾಲಿನ ಅಂಚಿನಲ್ಲಿ ಆಡುವವನು) ಮೂರು ಜನರ ಮುಂಚೂಣಿಯಲ್ಲಿ ಸೋತಿದ್ದರೆ ನಾಲ್ಕು ಜನರ ಮುಂಚೂಣಿಯಲ್ಲಿ ಗೆಲ್ಲಬಹುದು. ಆದ್ದರಿಂದ ಕೋಚ್ ನೇಮಕವಾದ ಮೇಲೆ ಇಡೀ ಪಟ್ಟಿಯನ್ನು ವಿಡಿಯೋ ಸಮೇತ ಮತ್ತೊಮ್ಮೆ ನೋಡಲು ಕನಿಷ್ಠ ಹತ್ತು ದಿನ ಇಟ್ಟುಕೊಳ್ಳಿ.

ಹೆಜ್ಜೆ 2: ಲೆಕ್ಕಪುಸ್ತಕ, ಮೂರು ವರ್ಷದ್ದು

2025ರಲ್ಲಿ ಪ್ರತಿ ತಂಡದ ಸ್ಯಾಲರಿ ಕ್ಯಾಪ್ (ಆಟಗಾರರ ಸಂಬಳಕ್ಕೆ ಲೀಗ್ ಹಾಕುವ ವರ್ಷದ ಮಿತಿ) 27.92 ಕೋಟಿ ಡಾಲರ್ ಇತ್ತು. 2024ರಲ್ಲಿ ಅದು 25.54 ಕೋಟಿ ಇತ್ತು, ಕೋವಿಡ್ ಹೊಡೆತದ 2021ರಲ್ಲಿ 18.25 ಕೋಟಿಗೆ ಇಳಿದಿತ್ತು. ಹಿಂದಿನ ವರ್ಷ ಬಳಸದೆ ಉಳಿಸಿದ್ದನ್ನು ಮುಂದಿನ ವರ್ಷಕ್ಕೆ ಒಯ್ಯಬಹುದು. ಮಾರ್ಚ್‌ನಲ್ಲಿ ಲೀಗ್‌ನ ಹೊಸ ವರ್ಷ ಶುರುವಾಗುವ ಗಳಿಗೆಯಲ್ಲಿ (2025ರಲ್ಲಿ ಮಾರ್ಚ್ 12, ಅಮೆರಿಕದ ಪೂರ್ವ ಸಮಯ ಸಂಜೆ 4 ಗಂಟೆ) ಎಲ್ಲ ತಂಡಗಳೂ ಮಿತಿಯೊಳಗೆ ಇರಲೇಬೇಕು. ಅಲ್ಲಿಂದ ಋತು ಶುರುವಾಗುವವರೆಗೆ ಪಟ್ಟಿಯಲ್ಲಿ 90 ಜನ ಇದ್ದರೂ ಅತಿ ಹೆಚ್ಚು ಸಂಬಳದ 51 ಜನರ ಮೊತ್ತವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಜತೆಗೆ ಡೆಡ್ ಮನಿ (ತಂಡ ಬಿಟ್ಟವರ ಹೆಸರಿನಲ್ಲಿ ಕ್ಯಾಪ್ ಲೆಕ್ಕದಲ್ಲಿ ಉಳಿದ ಹಣ) ಮತ್ತು ಉಳಿದವರ ಬೋನಸ್ ಪಾಲು ಸೇರುತ್ತದೆ.

ಡೆಡ್ ಮನಿ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಒಂದು ಉದಾಹರಣೆಯಲ್ಲಿ ಬಿಡಿಸಿ ನೋಡೋಣ, ಇದು ತಿಳಿಯದೆ ಮುಂದೆ ಹೋಗಲಾಗದು.

ಒಬ್ಬ ರಿಸೀವರ್‌ಗೆ (ಎಸೆದ ಚೆಂಡು ಹಿಡಿಯುವವನಿಗೆ) ನಾಲ್ಕು ವರ್ಷಕ್ಕೆ 6 ಕೋಟಿ ಡಾಲರ್ ಒಪ್ಪಂದ ಎಂದುಕೊಳ್ಳಿ. ಸಹಿ ಹಾಕಿದ ಕೂಡಲೇ 2 ಕೋಟಿ ಬೋನಸ್. ವರ್ಷದ ಮೂಲ ಸಂಬಳ ಕ್ರಮವಾಗಿ 20 ಲಕ್ಷ, 1 ಕೋಟಿ, 1.3 ಕೋಟಿ, 1.5 ಕೋಟಿ. ಬೋನಸ್ ಅವನ ಕೈಗೆ ಮೊದಲೇ ಹೋದರೂ ಕ್ಯಾಪ್ ಲೆಕ್ಕದಲ್ಲಿ ನಾಲ್ಕು ವರ್ಷಕ್ಕೆ ಸಮನಾಗಿ, ವರ್ಷಕ್ಕೆ 50 ಲಕ್ಷದಂತೆ ಹಂಚಿಕೊಳ್ಳುತ್ತದೆ. ಹೀಗೆ ಹಂಚಲು ಗರಿಷ್ಠ ಐದು ವರ್ಷ. ಆಗ ಕ್ಯಾಪ್ ಅಂಕಿ 70 ಲಕ್ಷ, 1.5 ಕೋಟಿ, 1.8 ಕೋಟಿ, 2 ಕೋಟಿ.

ಮೊದಲ ವರ್ಷ ಮುಗಿದಾಗ ಅವನು ಬೇಡವಾದ ಎನ್ನಿ. ಇನ್ನೂ ಲೆಕ್ಕಕ್ಕೆ ಬಾರದ ಮೂರು ಕಂತು, ಅಂದರೆ 1.5 ಕೋಟಿ, ಒಮ್ಮೆಗೇ ಆ ವರ್ಷದ ಮೇಲೆ ಬೀಳುತ್ತದೆ. ಅವನಿದ್ದರೂ 1.5 ಕೋಟಿ, ಇಲ್ಲದಿದ್ದರೂ 1.5 ಕೋಟಿ. ಉಳಿತಾಯ ಸೊನ್ನೆ. ಎರಡನೇ ವರ್ಷದ ನಂತರ ಬಿಟ್ಟರೆ ಡೆಡ್ ಮನಿ 1 ಕೋಟಿ, ಉಳಿತಾಯ 80 ಲಕ್ಷ. ಅಂದರೆ ಕಾಗದದ ಮೇಲೆ ನಾಲ್ಕು ವರ್ಷದ ಒಪ್ಪಂದವಾದರೂ ನಿಜದಲ್ಲಿ ಅದು ಎರಡು ವರ್ಷದ ಒಪ್ಪಂದ, ಆಮೇಲಿನದು ತಂಡದ ಇಷ್ಟ. ಪ್ರತಿಯೊಬ್ಬರ ಹೆಸರಿನ ಮುಂದೆ ‘ಬಿಡಲು ಸಾಧ್ಯವಾಗುವ ಮೊದಲ ವರ್ಷ’ ಎಂಬ ಕಾಲಂ ಇರಲೇಬೇಕು ಎನ್ನುವುದು ಇದಕ್ಕೇ.

ಈಗ ಮರುಹೊಂದಾಣಿಕೆಯ ಆಸೆ. ಎರಡನೇ ವರ್ಷ ಕ್ಯಾಪ್‌ನಲ್ಲಿ ಜಾಗ ಸಾಲದೆ, 1 ಕೋಟಿ ಸಂಬಳದಲ್ಲಿ 90 ಲಕ್ಷವನ್ನು ಬೋನಸ್ ಆಗಿ ಬದಲಿಸಿ ಉಳಿದ ಮೂರು ವರ್ಷಕ್ಕೆ 30 ಲಕ್ಷದಂತೆ ಹರಡುತ್ತೀರಿ. ಆ ವರ್ಷದ ಅಂಕಿ 1.5 ಕೋಟಿಯಿಂದ 90 ಲಕ್ಷಕ್ಕೆ ಇಳಿಯುತ್ತದೆ. ಆದರೆ ಮುಂದಿನ ಎರಡು ವರ್ಷ 2.1 ಕೋಟಿ ಮತ್ತು 2.3 ಕೋಟಿಗೆ ಏರುತ್ತವೆ. ಎರಡನೇ ವರ್ಷದ ನಂತರ ಅವನನ್ನು ಬಿಟ್ಟರೆ ಡೆಡ್ ಮನಿ 1.6 ಕೋಟಿ, ಉಳಿತಾಯ ಬರೀ 50 ಲಕ್ಷ. ಹಣ ಎಲ್ಲಿಂದಲೂ ಉದುರಲಿಲ್ಲ, ನಾಳೆಯ ಅನ್ನವನ್ನು ಇಂದು ಉಂಡಿದ್ದೀರಿ ಅಷ್ಟೆ. ಗೆಲ್ಲುವ ವರ್ಷ ಇದೇ ಆಗಿದ್ದರೆ ಉಣ್ಣಿ, ತಪ್ಪಿಲ್ಲ. ಫಿಲಡೆಲ್ಫಿಯಾ ಈಗಲ್ಸ್ ಒಪ್ಪಂದದ ಕೊನೆಗೆ ಹೆಸರಿಗಷ್ಟೇ ಇರುವ ವರ್ಷಗಳನ್ನು ಜೋಡಿಸಿ ಹಣವನ್ನು ಮುಂದೆ ತಳ್ಳುತ್ತಲೇ 2024ರ ಋತುವಿನ ಸೂಪರ್ ಬೌಲನ್ನು ಕ್ಯಾನ್ಸಸ್ ಸಿಟಿ ವಿರುದ್ಧ 40-22ರಿಂದ ಗೆದ್ದಿತು. ಆದರೆ ಮರುನಿರ್ಮಾಣದ ಮೊದಲ ವರ್ಷದಲ್ಲಿರುವ ತಂಡ ಹೀಗೆ ಮಾಡಿದರೆ, ಸೋಲುವ ವರ್ಷದ ಖರ್ಚನ್ನು ಗೆಲ್ಲುವ ವರ್ಷದ ಮೇಲೆ ಹೇರಿದಂತಾಗುತ್ತದೆ. ಈ ಹಂತದಲ್ಲಿ ಮಾಡಬೇಕಾದದ್ದು ಸರಿಯಾಗಿ ಉಲ್ಟಾ: ಡೆಡ್ ಮನಿಯನ್ನು ಸಾಧ್ಯವಾದಷ್ಟೂ ಸೋಲುವ ವರ್ಷದಲ್ಲೇ ನುಂಗಿಬಿಡಬೇಕು.

ಹೆಜ್ಜೆ 3: ಕತ್ತರಿ ಹಾಕುವುದು ಯಾವಾಗ, ಹೇಗೆ

ದೊಡ್ಡ ಒಪ್ಪಂದಗಳಲ್ಲಿ ಒಂದು ತಾರೀಖು ಅಡಗಿರುತ್ತದೆ. ಲೀಗ್ ವರ್ಷದ ಮೂರನೇ ದಿನ ಅಥವಾ ಐದನೇ ದಿನ ಆಟಗಾರ ಪಟ್ಟಿಯಲ್ಲಿದ್ದರೆ ಇಂತಿಷ್ಟು ಬೋನಸ್, ಅಥವಾ ಮುಂದಿನ ವರ್ಷದ ಸಂಬಳಕ್ಕೆ ಪೂರ್ಣ ಖಾತರಿ ಎಂಬ ಷರತ್ತು. ಫೆಬ್ರವರಿ ಮೊದಲ ವಾರದಲ್ಲೇ ಇಂಥ ಎಲ್ಲ ತಾರೀಖುಗಳನ್ನು ಒಂದು ಹಾಳೆಗೆ ಇಳಿಸಿ ಗೋಡೆಗೆ ಅಂಟಿಸಿ.

ಡೆನ್ವರ್ ಬ್ರಾಂಕೋಸ್ ಉದಾಹರಣೆ ನೋಡಿ. 2022ರಲ್ಲಿ ಎರಡು ಮೊದಲ ಸುತ್ತು, ಎರಡು ಎರಡನೇ ಸುತ್ತು, ಒಂದು ಐದನೇ ಸುತ್ತಿನ ಪಿಕ್ ಮತ್ತು ಮೂವರು ಆಟಗಾರರನ್ನು ಕೊಟ್ಟು (ಮರಳಿ ಬಂದದ್ದು ಒಂದು ನಾಲ್ಕನೇ ಸುತ್ತಿನ ಪಿಕ್) ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್ ಅವರನ್ನು ತಂದಿತು. 2024ರ ಲೀಗ್ ವರ್ಷದ ಐದನೇ ದಿನ ಅವರು ಪಟ್ಟಿಯಲ್ಲಿದ್ದರೆ 2025ರ 3.7 ಕೋಟಿ ಡಾಲರ್ ಸಂಬಳಕ್ಕೆ ಖಾತರಿ ಬರುತ್ತಿತ್ತು. ತಂಡ ಅದಕ್ಕೆ ಮೊದಲೇ ಕೈಬಿಟ್ಟಿತು. ಡೆಡ್ ಮನಿ ಸುಮಾರು 8.5 ಕೋಟಿ ಡಾಲರ್, ಆಗಿನ ಮಟ್ಟಿಗೆ ದಾಖಲೆ. ಅದನ್ನು 2024ಕ್ಕೆ ಸುಮಾರು 5.3 ಕೋಟಿ, 2025ಕ್ಕೆ ಸುಮಾರು 3.2 ಕೋಟಿ ಎಂದು ಒಡೆದುಕೊಂಡರು. ಆ ಏಪ್ರಿಲ್‌ನಲ್ಲಿ 12ನೇ ಪಿಕ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಬೋ ನಿಕ್ಸ್ ಅವರನ್ನು ಆರಿಸಿದರು. ಅಷ್ಟು ಭಾರ ಹೊತ್ತೂ 10-7ರಲ್ಲಿ ಮುಗಿಸಿ, 2015ರ ನಂತರ ಮೊದಲ ಬಾರಿ ಪ್ಲೇಆಫ್ ತಲುಪಿದರು. ತಪ್ಪನ್ನು ಒಪ್ಪಿಕೊಂಡು ಬೇಗ ನುಂಗಿದ್ದರಿಂದ ಆದ ಲಾಭ ಅದು. ಇನ್ನೊಂದು ವರ್ಷ ನೋಡೋಣ ಎಂದು ಕಾದಿದ್ದರೆ ನೋವು ಬೆಳೆಯುತ್ತಿತ್ತೇ ಹೊರತು ಕರಗುತ್ತಿರಲಿಲ್ಲ.

ಹೀಗೆ ಎರಡು ವರ್ಷಕ್ಕೆ ಒಡೆಯಲು ದಾರಿ ಜೂನ್ 1ರ ನಿಯಮ. ಮಾರ್ಚ್‌ನಲ್ಲೇ ಬಿಟ್ಟರೂ ‘ಜೂನ್ 1ರ ನಂತರದ ಬಿಡುಗಡೆ’ ಎಂದು ಗುರುತಿಸುವ ಅವಕಾಶ ವರ್ಷಕ್ಕೆ ಇಬ್ಬರು ಆಟಗಾರರಿಗೆ ಇದೆ. ನಮ್ಮ ರಿಸೀವರ್‌ನನ್ನು ಎರಡನೇ ವರ್ಷದ ನಂತರ ಹೀಗೆ ಬಿಟ್ಟರೆ (ಮರುಹೊಂದಾಣಿಕೆ ಮಾಡಿರದಿದ್ದರೆ) ಈ ವರ್ಷ 50 ಲಕ್ಷ, ಮುಂದಿನ ವರ್ಷ 50 ಲಕ್ಷ. ಈ ವರ್ಷದ ಉಳಿತಾಯ 1.3 ಕೋಟಿ. ಆದರೆ ಎಡವುವ ಜಾಗವೂ ಇಲ್ಲೇ ಇದೆ: ಜೂನ್ ಬರುವವರೆಗೆ ಅವನ ಪೂರ್ತಿ ಅಂಕಿ ನಿಮ್ಮ ಪುಸ್ತಕದಲ್ಲೇ ಇರುತ್ತದೆ. ಮಾರ್ಚ್‌ನ ಪೇಟೆಗೆ ಆ ಹಣ ಒದಗುವುದಿಲ್ಲ. ಡ್ರಾಫ್ಟ್‌ನಲ್ಲಿ ಬಂದವರ ಸಹಿಗೆ, ಆಗಸ್ಟ್‌ನ ತುರ್ತಿಗೆ ಮಾತ್ರ ಅದು ಒದಗೀತು.

ಬಿಡುವುದಕ್ಕಿಂತ ಟ್ರೇಡ್ (ಬೇರೆ ತಂಡದ ಜತೆ ಅದಲುಬದಲಿ) ಮೇಲು ಎಂಬುದು ಸಾಮಾನ್ಯ ಸತ್ಯ, ಆದರೆ ಹಳೆಯ ಬೋನಸ್‌ನ ಉಳಿದ ಕಂತುಗಳು ಟ್ರೇಡ್ ಮಾಡಿದರೂ ನಿಮ್ಮ ಪುಸ್ತಕದಲ್ಲೇ ಉಳಿಯುತ್ತವೆ. ಹೊಸ ತಂಡ ಹೊರುವುದು ಮುಂದಿನ ಸಂಬಳವನ್ನಷ್ಟೇ. ಹೀಗಾಗಿ ಹೊಸ ತಂಡಕ್ಕೆ ಆ ಆಟಗಾರ ಅಗ್ಗವಾಗಿ ಕಾಣುತ್ತಾನೆ. ಆ ಅಗ್ಗವೇ ನಿಮ್ಮ ಮಾರಾಟದ ಬಲ, ಪಿಕ್ ಕೇಳುವಾಗ ಅದನ್ನು ಬಿಟ್ಟುಕೊಡಬೇಡಿ.

ಹೆಜ್ಜೆ 4: ಯಾರನ್ನು ಉಳಿಸಿಕೊಳ್ಳುವುದು

ಫೆಬ್ರವರಿ ಮಧ್ಯದಿಂದ ಮಾರ್ಚ್ ಮೊದಲ ವಾರದವರೆಗೆ ಫ್ರ್ಯಾಂಚೈಸ್ ಟ್ಯಾಗ್ ಹಾಕುವ ಕಾಲ (2025ರಲ್ಲಿ ಫೆಬ್ರವರಿ 18ರಿಂದ ಮಾರ್ಚ್ 4). ಒಪ್ಪಂದ ಮುಗಿಯುತ್ತಿರುವ ಒಬ್ಬ ಆಟಗಾರನನ್ನು ಒಂದು ವರ್ಷಕ್ಕೆ ಕಟ್ಟಿಹಾಕುವ ಹಕ್ಕು ಇದು. ಅದೇ ಸ್ಥಾನದ ಅತಿ ದುಬಾರಿ ಐವರ ಸಂಬಳದಿಂದ ಹೊರಡುವ ಅಂಕಿ, ಅಥವಾ ಅವನ ಹಿಂದಿನ ಸಂಬಳದ 120 ಶೇಕಡ, ಎರಡರಲ್ಲಿ ಯಾವುದು ಹೆಚ್ಚೋ ಅದನ್ನು ಕೊಡಬೇಕು. ಸಾಮಾನ್ಯ ಟ್ಯಾಗ್ ಇದ್ದಾಗ ಬೇರೆ ತಂಡ ಅವನನ್ನು ಕೇಳಬಹುದು. ನೀವು ಆ ಬೆಲೆಗೆ ಸರಿಗಟ್ಟದಿದ್ದರೆ ಅವರು ಎರಡು ಮೊದಲ ಸುತ್ತಿನ ಪಿಕ್ ಕೊಡಬೇಕು. ಹೊಸ ದೀರ್ಘ ಒಪ್ಪಂದಕ್ಕೆ ಜುಲೈ 15 ಕಡೆಯ ದಿನ.

ಮರುನಿರ್ಮಾಣದಲ್ಲಿ ಟ್ಯಾಗ್ ಎರಡೇ ಕೆಲಸಕ್ಕೆ ಸರಿ. ಒಂದು, 26ರ ಒಳಗಿನ, ದೀರ್ಘ ಒಪ್ಪಂದ ಕೊಡಲು ನೀವು ಸಿದ್ಧವಿರುವ ಆಟಗಾರನಿಗೆ ಮಾತುಕತೆಗೆ ಸಮಯ. ಎರಡು, ಟ್ಯಾಗ್ ಹಾಕಿ ಟ್ರೇಡ್ ಮಾಡುವುದು. ಅದು ಬಿಟ್ಟು, ಸೋಲುವ ವರ್ಷದಲ್ಲಿ 30 ವರ್ಷದವನಿಗೆ ಟ್ಯಾಗ್ ಹಾಕಿ ದೊಡ್ಡ ಮೊತ್ತ ಕಟ್ಟಿಕೊಂಡರೆ ಫ್ರೀ ಏಜೆನ್ಸಿಯ (ಒಪ್ಪಂದ ಮುಗಿದವರ ಪೇಟೆಯ) ಮೊದಲ ವಾರ ನಿಮ್ಮ ಕೈ ಖಾಲಿ.

ನಿಮ್ಮದೇ ಡ್ರಾಫ್ಟ್ ಹುಡುಗರಲ್ಲಿ ಮೂರು ಋತು ಮುಗಿಸಿದವರಿಗೆ ಮಾತ್ರ ಹೊಸ ಒಪ್ಪಂದ ಮಾಡಲು ನಿಯಮ ಬಿಡುತ್ತದೆ. ಚೆನ್ನಾಗಿ ಆಡಿದವನಿದ್ದರೆ ಆ ವಸಂತದಲ್ಲೇ ಮುಗಿಸಿ. ಕ್ಯಾಪ್ ಏರುತ್ತಿರುವಾಗ ತಡ ಮಾಡಿದ ಪ್ರತಿ ವರ್ಷವೂ ಬೆಲೆ ಏರಿಸುತ್ತದೆ. ಮೊದಲ ಸುತ್ತಿನವರಿಗೆ ಐದನೇ ವರ್ಷದ ಆಯ್ಕೆಯ ಹಕ್ಕು ಇದೆ, ಮೇ ಮೊದಲಲ್ಲಿ ತೀರ್ಮಾನಿಸಬೇಕು. ತೆಗೆದುಕೊಂಡ ಕೂಡಲೇ ಅದು ಪೂರ್ಣ ಖಾತರಿಯ ಹಣ, ಆದ್ದರಿಂದ ‘ನೋಡೋಣ’ ಎಂಬ ಮನಸ್ಸಿನಲ್ಲಿ ತೆಗೆದುಕೊಳ್ಳುವಂಥದ್ದಲ್ಲ.

ಹೆಜ್ಜೆ 5: ಮಾರ್ಚ್ ಪೇಟೆ

ಲೀಗ್ ವರ್ಷಕ್ಕೆ ಎರಡು ದಿನ ಮುನ್ನ, 2025ರಲ್ಲಿ ಮಾರ್ಚ್ 10ರ ಮಧ್ಯಾಹ್ನದಿಂದ, ಬೇರೆ ತಂಡಗಳ ಆಟಗಾರರ ಏಜೆಂಟ್‌ಗಳ ಜತೆ ಮಾತಾಡಲು ಅನುಮತಿ. ದೊಡ್ಡ ಮೊತ್ತಗಳು ಮೊದಲ ಕೆಲವು ಗಂಟೆಗಳಲ್ಲೇ ಹಾರುತ್ತವೆ. ಆ ಗಂಟೆಗಳಲ್ಲಿ ಪೇಟೆ ಯಾವಾಗಲೂ ನಿಜ ಬೆಲೆಗಿಂತ ಮೇಲಿರುತ್ತದೆ. ಒಳ್ಳೆಯ ತಂಡಗಳು ತಮ್ಮ ಉತ್ತಮರನ್ನು ಮೊದಲೇ ಕಟ್ಟಿಕೊಂಡಿರುತ್ತವೆ, ಪೇಟೆಗೆ ಬರುವವರಲ್ಲಿ ಹೆಚ್ಚಿನವರು ‘ಆ ಬೆಲೆಗೆ ಬೇಡ’ ಎಂದು ತಮ್ಮದೇ ತಂಡ ಬಿಟ್ಟವರು.

ಮರುನಿರ್ಮಾಣದ ತಂಡ ಹಣವನ್ನು ಹೀಗೆ ಇಡಲಿ. ದೊಡ್ಡ ಮೊತ್ತ ಒಬ್ಬಿಬ್ಬರಿಗೆ ಮಾತ್ರ, ಅವರೂ 27ರ ಒಳಗಿನವರಾಗಿರಲಿ, ಆಫೆನ್ಸಿವ್ ಲೈನ್, ಎಡ್ಜ್ ರಷರ್ (ಅಂಚಿನಿಂದ ಕ್ವಾರ್ಟರ್‌ಬ್ಯಾಕ್ ಮೇಲೆ ಎರಗುವವನು), ಕಾರ್ನರ್‌ಬ್ಯಾಕ್‌ನಂಥ (ರಿಸೀವರ್‌ನನ್ನು ತಡೆಯುವವನು) ಸ್ಥಾನದವರಾಗಿರಲಿ. ನಾಲ್ಕು ವರ್ಷದ ಒಪ್ಪಂದ, ಖಾತರಿ ಮೊದಲ ಎರಡು ವರ್ಷಕ್ಕೆ, ಬೋನಸ್ ಕಡಿಮೆ, ಮೊದಲ ವರ್ಷದ ಸಂಬಳ ಹೆಚ್ಚು. ಕ್ಯಾಪ್‌ನಲ್ಲಿ ಜಾಗ ಇರುವ ವರ್ಷದಲ್ಲೇ ಹಣ ಕೊಟ್ಟು ಮುಗಿಸಿದರೆ ಮೂರನೇ ವರ್ಷ ಬಿಡಲು ಏನೂ ಅಡ್ಡಿ ಇರದು. ಉಳಿದ ಹಣ ಎರಡನೇ, ಮೂರನೇ ವಾರಕ್ಕೆ: ಎಂಟು ಹತ್ತು ಜನ ಅನುಭವಿಗಳು, ಒಂದು ಎರಡು ವರ್ಷಕ್ಕೆ.

2024ರ ವಾಷಿಂಗ್ಟನ್ ಕಮಾಂಡರ್ಸ್ ಇದನ್ನು ಮಾಡಿ ತೋರಿಸಿತು. ಹೊಸ ಜನರಲ್ ಮ್ಯಾನೇಜರ್ ಆ್ಯಡಮ್ ಪೀಟರ್ಸ್, ಹೊಸ ಕೋಚ್ ಡ್ಯಾನ್ ಕ್ವಿನ್. ಬಾಬಿ ವ್ಯಾಗ್ನರ್, ಜ್ಯಾಕ್ ಅರ್ಟ್ಸ್‌ರಂಥ ಹಿರಿಯರಿಗೆ ಒಂದು ವರ್ಷ, ಸೆಂಟರ್ ಟೈಲರ್ ಬಿಯಾಡಾಶ್, ಲೈನ್‌ಬ್ಯಾಕರ್ ಫ್ರ್ಯಾಂಕಿ ಲೂವು ಅವರಂಥ ಆಟದ ವಯಸ್ಸಿನವರಿಗೆ ಮೂರು ವರ್ಷ. ಡ್ರಾಫ್ಟ್‌ನ ಎರಡನೇ ಪಿಕ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಜೇಡನ್ ಡೇನಿಯಲ್ಸ್. ಹಿಂದಿನ ವರ್ಷ 4-13 ಇದ್ದ ತಂಡ 12-5 ಆಗಿ ಎನ್‌ಎಫ್‌ಸಿ (ಲೀಗ್‌ನ ಎರಡು ಭಾಗಗಳಲ್ಲಿ ಒಂದು) ಫೈನಲ್ ಆಡಿತು. ಹಿರಿಯರ ಕೆಲಸ ಬರೀ ಆಟವಲ್ಲ. ಸಭೆಗೆ ಹೇಗೆ ಸಿದ್ಧವಾಗಿ ಬರಬೇಕು, ಬುಧವಾರದ ಅಭ್ಯಾಸ ಹೇಗಿರಬೇಕು ಎಂಬುದನ್ನು 22ರ ಹುಡುಗರು ಕಲಿಯುವುದು ಕೋಚ್‌ನ ಭಾಷಣದಿಂದಲ್ಲ, ಪಕ್ಕದ ಲಾಕರ್‌ನವನಿಂದ.

ಅನುಭವಿಗಳನ್ನು ಕನಿಷ್ಠ ಸಂಬಳಕ್ಕೆ ತರಲು ಒಂದು ಅನುಕೂಲ ಇದೆ. 2025ರಲ್ಲಿ ಏಳು ಅಥವಾ ಹೆಚ್ಚು ಋತು ಆಡಿದವನ ಕನಿಷ್ಠ ಸಂಬಳ 12.55 ಲಕ್ಷ ಡಾಲರ್ ಇತ್ತು. ಒಂದು ವರ್ಷದ ಅರ್ಹ ಒಪ್ಪಂದವಾದರೆ ಕ್ಯಾಪ್ ಲೆಕ್ಕಕ್ಕೆ ಆ ಸಂಬಳದಲ್ಲಿ ಹಿಡಿದದ್ದು 10.3 ಲಕ್ಷ ಮಾತ್ರ.

ಇನ್ನೊಂದು ಲೆಕ್ಕವನ್ನು ಅವಸರದಲ್ಲಿ ಮರೆಯುತ್ತಾರೆ: ಪರಿಹಾರದ ಪಿಕ್‌ಗಳು. ಒಪ್ಪಂದ ಮುಗಿದು ಹೊರಟ ನಿಮ್ಮ ಆಟಗಾರರು ಬೇರೆಡೆ ದೊಡ್ಡ ಮೊತ್ತ ಪಡೆದು, ನೀವು ಅಷ್ಟೇ ಮಟ್ಟದವರನ್ನು ತರದಿದ್ದರೆ ಮುಂದಿನ ಡ್ರಾಫ್ಟ್‌ನಲ್ಲಿ ಮೂರರಿಂದ ಏಳನೇ ಸುತ್ತಿನ ಕೊನೆಗೆ ಹೆಚ್ಚುವರಿ ಪಿಕ್ ಸಿಗುತ್ತದೆ, ತಂಡಕ್ಕೆ ಗರಿಷ್ಠ ನಾಲ್ಕು. ಬೇರೆ ತಂಡ ಕೈಬಿಟ್ಟ ಆಟಗಾರ ಈ ಲೆಕ್ಕದಲ್ಲಿ ಬರುವುದಿಲ್ಲ. ಡ್ರಾಫ್ಟ್ ಮುಗಿದ ಸೋಮವಾರದ ನಂತರ ಸಹಿ ಮಾಡಿದವರೂ ಬರುವುದಿಲ್ಲ. ಆದ್ದರಿಂದ ಮಧ್ಯಮ ದರ್ಜೆಯ ಸೇಫ್ಟಿ (ರಕ್ಷಣೆಯಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲುವವನು) ಒಬ್ಬ ಬೇಕಿದ್ದರೆ ಕೈಬಿಟ್ಟವರಲ್ಲಿ ಹುಡುಕಿ, ಇಲ್ಲವೇ ಮೇ ತನಕ ಕಾಯಿರಿ. ಹಾಗೆ ಕಾದದ್ದಕ್ಕೆ ಒಂದು ಐದನೇ ಸುತ್ತಿನ ಪಿಕ್ ಉಳಿದೀತು.

ಹೆಜ್ಜೆ 6: ಡ್ರಾಫ್ಟ್, ಮತ್ತು ಕ್ವಾರ್ಟರ್‌ಬ್ಯಾಕ್ ಪ್ರಶ್ನೆ

ಏಳು ಸುತ್ತು. 2025ರಲ್ಲಿ ಗ್ರೀನ್ ಬೇಯಲ್ಲಿ ಏಪ್ರಿಲ್ 24ರಿಂದ 26ರವರೆಗೆ ಒಟ್ಟು 257 ಪಿಕ್. ಸ್ಕೌಟ್‌ಗಳು ಹಿಂದಿನ ಆಗಸ್ಟ್‌ನಿಂದ ಓಡಾಡಿರುತ್ತಾರೆ. ಜನವರಿ ಕೊನೆಗೆ ಅಲಬಾಮಾದ ಮೊಬೀಲ್‌ನಲ್ಲಿ ಸೀನಿಯರ್ ಬೌಲ್ (ಕಾಲೇಜು ಆಟಗಾರರ ಪ್ರದರ್ಶನ ಪಂದ್ಯ), ಫೆಬ್ರವರಿ ಕೊನೆಗೆ ಇಂಡಿಯಾನಾಪೊಲಿಸ್‌ನಲ್ಲಿ ಕಂಬೈನ್ (ಲೀಗ್ ನಡೆಸುವ ಪರೀಕ್ಷಾ ಶಿಬಿರ), ನಂತರ ಕಾಲೇಜುಗಳ ಪ್ರೊ ಡೇ (ಕಾಲೇಜಿನಲ್ಲೇ ನಡೆಯುವ ಪರೀಕ್ಷೆ), ತಂಡದ ಕಚೇರಿಗೆ ಕರೆಸಲು 30 ಭೇಟಿಗಳು. ಕಂಬೈನ್‌ನಲ್ಲಿ ಟಿವಿಗೆ ಬೇಕಾದದ್ದು 40 ಗಜದ ಓಟ. ತಂಡಕ್ಕೆ ಬೇಕಾದದ್ದು ವೈದ್ಯರ ವರದಿ ಮತ್ತು ಮುಖಾಮುಖಿ ಮಾತು.

ಡ್ರಾಫ್ಟ್ ಏಕೆ ಮರುನಿರ್ಮಾಣದ ಬೆನ್ನೆಲುಬು ಎಂದರೆ ಬೆಲೆಯಿಂದ. ಎಲ್ಲ ಡ್ರಾಫ್ಟ್ ಒಪ್ಪಂದಗಳೂ ನಾಲ್ಕು ವರ್ಷದವು, ಮೊತ್ತ ಪಿಕ್‌ಗೆ ತಕ್ಕಂತೆ ಬಹುತೇಕ ನಿಗದಿ. ಡೇನಿಯಲ್ಸ್ ಅವರ ನಾಲ್ಕು ವರ್ಷದ ಒಟ್ಟು ಮೊತ್ತ ಸುಮಾರು 3.77 ಕೋಟಿ ಡಾಲರ್. ಅದೇ ವರ್ಷ ಡಲ್ಲಾಸ್‌ನ ಕ್ವಾರ್ಟರ್‌ಬ್ಯಾಕ್ ಡ್ಯಾಕ್ ಪ್ರೆಸ್ಕಾಟ್ ಅವರ ಹೊಸ ಒಪ್ಪಂದ ವರ್ಷಕ್ಕೆ ಸರಾಸರಿ 6 ಕೋಟಿ. ಒಬ್ಬರ ನಾಲ್ಕು ವರ್ಷಕ್ಕಿಂತ ಇನ್ನೊಬ್ಬರ ಒಂದು ವರ್ಷ ಹೆಚ್ಚು. ಆ ಅಂತರದಲ್ಲಿ ಇಡೀ ಆಫೆನ್ಸಿವ್ ಲೈನ್ ಕೊಳ್ಳಬಹುದು. ಹಾಗಾಗಿ ಯುವ ಕ್ವಾರ್ಟರ್‌ಬ್ಯಾಕ್ ಸಿಕ್ಕ ಎರಡನೇ ಮತ್ತು ಮೂರನೇ ವರ್ಷವೇ ತಂಡದ ಗುರಿಯ ವರ್ಷ, ನಿಮ್ಮ ಮೂರು ವರ್ಷದ ಲೆಕ್ಕ ಅದರ ಸುತ್ತ ತಿರುಗಲಿ.

ಡ್ರಾಫ್ಟ್ ಸರದಿಯಲ್ಲಿ ಮೇಲಕ್ಕೆ ಹತ್ತಲು ಏನು ಕೊಡಬೇಕು? 1990ರ ದಶಕದ ಆರಂಭದಲ್ಲಿ ಡಲ್ಲಾಸ್ ಕೌಬಾಯ್ಸ್ ಕೋಚ್ ಜಿಮ್ಮಿ ಜಾನ್ಸನ್ ಬಳಸಿದ ಅಂಕಪಟ್ಟಿ ಇಂದಿಗೂ ಮಾತುಕತೆಯ ಆರಂಭ: ಮೊದಲ ಪಿಕ್‌ಗೆ 3000, ಎರಡಕ್ಕೆ 2600, ಮೂರಕ್ಕೆ 2200, ಹತ್ತಕ್ಕೆ 1300, ಹದಿನಾರಕ್ಕೆ 1000, 32ಕ್ಕೆ 590. ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಎಂಬ ಇಬ್ಬರು ವಿದ್ವಾಂಸರು ತಂಡಗಳು ಮೇಲಿನ ಪಿಕ್‌ಗಳಿಗೆ ಅತಿಯಾದ ಬೆಲೆ ಕೊಡುತ್ತವೆ ಎಂದು ಲೆಕ್ಕ ಹಾಕಿ ತೋರಿಸಿದ್ದಾರೆ. ಹಾಗಿದ್ದಲ್ಲಿ ಕ್ವಾರ್ಟರ್‌ಬ್ಯಾಕ್ ಅಲ್ಲದ ಯಾರಿಗಾದರೂ ಮೇಲೆ ಹತ್ತುವ ಮುನ್ನ ಮೂರು ಬಾರಿ ಯೋಚಿಸಿ. ಕೆಳಗಿಳಿದು ಪಿಕ್ ಹೆಚ್ಚಿಸಿಕೊಳ್ಳುವುದೇ ಸಾಮಾನ್ಯ ನಿಯಮವಾಗಲಿ. ಲಯನ್ಸ್ ತನ್ನ ಮುಖ್ಯ ರಿಸೀವರ್ ಅಮನ್-ರಾ ಸೇಂಟ್ ಬ್ರೌನ್ ಅವರನ್ನು 2021ರಲ್ಲಿ ಆರಿಸಿದ್ದು ನಾಲ್ಕನೇ ಸುತ್ತಿನಲ್ಲಿ, 112ನೇ ಪಿಕ್‌ನಲ್ಲಿ. ಯಾವ ಹುಡುಗ ಬೆಳೆಯುತ್ತಾನೆಂದು ಯಾರೂ ನಿಖರವಾಗಿ ಹೇಳಲಾರರು, ಅದಕ್ಕೇ ಬೀಜ ಹೆಚ್ಚು ಬಿತ್ತಬೇಕು.

ಕ್ವಾರ್ಟರ್‌ಬ್ಯಾಕ್‌ಗಾಗಿ ಹತ್ತುವಾಗಲೂ ಏನು ಕೊಡಬಾರದು ಎಂಬುದಕ್ಕೆ 2023ರ ಕ್ಯಾರೊಲಿನಾ ಪ್ಯಾಂಥರ್ಸ್ ನೋಡಿ. ಒಂಬತ್ತರಿಂದ ಒಂದಕ್ಕೆ ಏರಲು 9 ಮತ್ತು 61ನೇ ಪಿಕ್, 2024ರ ಮೊದಲ ಸುತ್ತು, 2025ರ ಎರಡನೇ ಸುತ್ತು, ಜತೆಗೆ ತಂಡದ ಅತ್ಯುತ್ತಮ ರಿಸೀವರ್ ಡಿ.ಜೆ. ಮೂರ್ ಅವರನ್ನು ಶಿಕಾಗೊ ಬೇರ್ಸ್‌ಗೆ ಕೊಟ್ಟಿತು. ಬ್ರೈಸ್ ಯಂಗ್ ಬಂದರು. ಆದರೆ ಚೆಂಡು ಹಿಡಿಯುವವರಿಲ್ಲ, ಮುಂದೆ ನಿಂತು ಕಾಯುವ ಲೈನ್ ಗಟ್ಟಿಯಿಲ್ಲ. 2-15. ಕೋಚ್ ಫ್ರ್ಯಾಂಕ್ ರೈಕ್ 11 ಪಂದ್ಯಕ್ಕೇ ಹೊರಬಿದ್ದರು. ಅಷ್ಟು ಸೋತಿದ್ದರಿಂದ ಕೊಟ್ಟುಬಿಟ್ಟಿದ್ದ 2024ರ ಪಿಕ್ ಮೊದಲನೆಯದೇ ಆಗಿ ಹೋಯಿತು, ಬೇರ್ಸ್ ಅದರಲ್ಲಿ ಕೇಲಬ್ ವಿಲಿಯಮ್ಸ್ ಅವರನ್ನು ಆರಿಸಿತು. ಇಲ್ಲಿ ಕಲಿಯಬೇಕಾದದ್ದು ಕ್ರಮ. ಮೊದಲು ಲೈನ್, ಒಬ್ಬ ನಂಬಿಕೆಯ ರಿಸೀವರ್, ಆಮೇಲೆ ಹುಡುಗ. ಪಿಕ್ ಬೇಕಾದರೆ ಕೊಡಿ, ಅವನ ಕೈಕಾಲು ಆಗಬೇಕಾದವರನ್ನು ಕೊಡಬೇಡಿ. ಆ ವರ್ಷ ಮನಸ್ಸಿಗೆ ಒಪ್ಪುವ ಕ್ವಾರ್ಟರ್‌ಬ್ಯಾಕ್ ಇಲ್ಲದಿದ್ದರೆ ಅನುಭವಿಯೊಬ್ಬನನ್ನು ಒಂದು ವರ್ಷಕ್ಕೆ ತಂದು ಕಾಯಿರಿ. ಲಯನ್ಸ್‌ಗೆ ಗಾಫ್ ಹಾಗೆ ತಾತ್ಕಾಲಿಕವಾಗಿ ಬಂದವರು ಎಂದೇ ಹಲವರು ಅಂದುಕೊಂಡಿದ್ದರು, ಅವರೇ ಉಳಿದರು.

ಏಳನೇ ಸುತ್ತು ಮುಗಿದ ಕ್ಷಣದಲ್ಲಿ ಇನ್ನೊಂದು ಓಟ ಶುರು: ಯಾರೂ ಆರಿಸದ ಹುಡುಗರಿಗೆ ಫೋನ್. ಇಲ್ಲಿ ಹಣಕ್ಕಿಂತ ಜಾಗ ಮುಖ್ಯ. ‘ನಮ್ಮಲ್ಲಿ ನಿನ್ನ ಸ್ಥಾನಕ್ಕೆ ನಾಲ್ಕೇ ಜನ ಇದ್ದಾರೆ’ ಎಂದು ಪಟ್ಟಿ ತೋರಿಸಬಲ್ಲ ತಂಡಕ್ಕೆ ಒಳ್ಳೆಯವರು ಬರುತ್ತಾರೆ. ಮರುನಿರ್ಮಾಣದ ತಂಡಕ್ಕೆ ಇದು ಸಹಜವಾಗಿ ಒದಗುವ ಅನುಕೂಲ, ಪ್ರತಿ ಸ್ಕೌಟ್‌ಗೂ ಕರೆಯ ಪಟ್ಟಿ ಮೊದಲೇ ಹಂಚಿಡಿ.

ಹೆಜ್ಜೆ 7: ಏಪ್ರಿಲ್‌ನಿಂದ ಜೂನ್

ವಸಂತದ ಅಭ್ಯಾಸ ಒಂಬತ್ತು ವಾರ, ಮೂರು ಹಂತ. ಮೊದಲ ಎರಡು ವಾರ ಸಭೆ ಮತ್ತು ವ್ಯಾಯಾಮ, ಮುಂದಿನ ಮೂರು ವಾರ ಎದುರಾಳಿಯಿಲ್ಲದೆ ಮೈದಾನದ ಪಾಠ, ಕೊನೆಯ ನಾಲ್ಕು ವಾರದಲ್ಲಿ ಹತ್ತು ದಿನ ತಂಡದ ಅಭ್ಯಾಸ, ಜತೆಗೆ ಕಡ್ಡಾಯ ಮಿನಿ ಕ್ಯಾಂಪ್. ಹೊಸ ಕೋಚ್ ಇರುವ ತಂಡಕ್ಕೆ ಎರಡು ವಾರ ಮೊದಲೇ ಶುರು ಮಾಡಲು ಅವಕಾಶ. ಮೈಗೆ ಮೈ ತಾಗುವ ಆಟ ಇಲ್ಲಿ ಇಲ್ಲ, ಆದ್ದರಿಂದ ಲೈನ್‌ನವರ ಬಗ್ಗೆ ಜೂನ್‌ನಲ್ಲಿ ಯಾವ ತೀರ್ಪೂ ಬೇಡ.

ಹೆಜ್ಜೆ 8: 90ರಿಂದ 53

ಜುಲೈ ಕೊನೆಗೆ ಕ್ಯಾಂಪ್, ಆಗಸ್ಟ್ ಕೊನೆಗೆ ಒಂದೇ ದಿನ 90 ಜನ 53ಕ್ಕೆ ಇಳಿಯಬೇಕು (2025ರಲ್ಲಿ ಆಗಸ್ಟ್ 26). ಸಾಮಾನ್ಯ ಹಂಚಿಕೆ: ಕ್ವಾರ್ಟರ್‌ಬ್ಯಾಕ್ 2, ರನ್ನಿಂಗ್ ಬ್ಯಾಕ್ 4, ರಿಸೀವರ್ 6, ಟೈಟ್ ಎಂಡ್ 3, ಆಫೆನ್ಸಿವ್ ಲೈನ್ 9; ಡಿಫೆನ್ಸಿವ್ ಲೈನ್ ಮತ್ತು ಎಡ್ಜ್ ಸೇರಿ 10, ಲೈನ್‌ಬ್ಯಾಕರ್ 6, ಕಾರ್ನರ್ ಮತ್ತು ಸೇಫ್ಟಿ 10; ಕಿಕ್ಕರ್, ಪಂಟರ್, ಲಾಂಗ್ ಸ್ನ್ಯಾಪರ್. ಪಂದ್ಯದ ದಿನ 48 ಜನರನ್ನು ಸಜ್ಜುಗೊಳಿಸಬೇಕಾದರೆ ಅವರಲ್ಲಿ ಎಂಟು ಜನ ಆಫೆನ್ಸಿವ್ ಲೈನ್‌ನವರಿರಬೇಕು, ಇಲ್ಲದಿದ್ದರೆ 47. ಕೊನೆಯ ಆರೇಳು ಜಾಗ ಕಿಕ್ ಮತ್ತು ಪಂಟ್ ಸಮಯದಲ್ಲಿ ಓಡಿ ಟ್ಯಾಕಲ್ ಮಾಡಬಲ್ಲವರಿಗೆ. ಬರೀ ಐದನೇ ರಿಸೀವರ್ ಆಗಿರುವವನಿಗೆ ಅಲ್ಲಿ ಸ್ಥಳವಿಲ್ಲ.

ಇಬ್ಬರು ಸರಿಸಮಾನರಾದರೆ ಕಿರಿಯನನ್ನು ಇಟ್ಟುಕೊಳ್ಳಿ. ಕಾರಣ ಬರೀ ವಯಸ್ಸಲ್ಲ. ನಾಲ್ಕು ಋತು ಪೂರೈಸಿದವನನ್ನು ಬಿಟ್ಟರೆ ಅವನು ಸ್ವತಂತ್ರ, ಮರುದಿನವೇ ಮರಳಿ ಕರೆಯಬಹುದು. ಕಿರಿಯನನ್ನು ಬಿಟ್ಟರೆ ವೇವರ್ ಪಟ್ಟಿಗೆ ಹೋಗುತ್ತಾನೆ, ಬೇರೆ ತಂಡ ಅವನ ಒಪ್ಪಂದ ಸಮೇತ ಎತ್ತಿಕೊಂಡರೆ ಮುಗಿಯಿತು. ಯಾರೂ ಎತ್ತಿಕೊಳ್ಳದಿದ್ದರೆ 16 ಜನರ ಪ್ರಾಕ್ಟೀಸ್ ಸ್ಕ್ವಾಡ್‌ಗೆ ತರಬಹುದು.

53ಕ್ಕೆ ಇಳಿಸಿದ ಮರುದಿನ ಮಧ್ಯಾಹ್ನ 12ಕ್ಕೆ (ಅಮೆರಿಕದ ಪೂರ್ವ ಸಮಯ) ವೇವರ್ ಅರ್ಜಿಗಳ ಗಡುವು. ಹಿಂದಿನ ವರ್ಷ ಹೆಚ್ಚು ಸೋತ ತಂಡಕ್ಕೆ ಮೊದಲ ಹಕ್ಕು, ಋತುವಿನ ಮೂರನೇ ವಾರದವರೆಗೂ ಅದೇ ಕ್ರಮ. ಇದು ಸೋತವರಿಗೆ ಲೀಗ್ ಕೊಟ್ಟ ಕೊನೆಯ ಉಡುಗೊರೆ. ಗಟ್ಟಿ ಲೈನ್ ಇರುವ ತಂಡಗಳ ಹತ್ತನೇ ಲೈನ್‌ಮನ್, ಆರನೇ ಕಾರ್ನರ್ ಯಾರೆಂದು ಆಗಸ್ಟ್‌ನ ಮೂರು ಅಭ್ಯಾಸ ಪಂದ್ಯಗಳಲ್ಲಿ ನಾಲ್ಕನೇ ಕ್ವಾರ್ಟರ್‌ವರೆಗೂ ನೋಡಿ ಗುರುತು ಹಾಕಿಟ್ಟ ಸ್ಕೌಟ್ ಒಬ್ಬರು ನಿಮ್ಮಲ್ಲಿರಬೇಕು. ನಿಮ್ಮ 53ರ ಕೊನೆಯ ಮೂರು ಹೆಸರುಗಳನ್ನು ಪೆನ್ಸಿಲ್‌ನಲ್ಲೇ ಬರೆದಿಡಿ. ಆ ಮಧ್ಯಾಹ್ನ ಆ ಜಾಗಗಳಿಗೆ ಬರುವವರು ಇನ್ನೊಂದು ತಂಡದ ಕ್ಯಾಂಪ್‌ನಲ್ಲಿ ತಯಾರಾದವರು.